ಕಿಂಗ್ ಸ್ಟ್ರೀಟಿನ ದಿಬ್ಬ

ಪೊಟೊಮ್ಯಾಕ್ ನದಿಯ ಪಶ್ಚಿಮ ದಂಡೆಯಲ್ಲಿ ಅಲೆಕ್ಸಾಂಡ್ರಿಯಾ ಪಟ್ಟಣ ಹುಟ್ಟಿದ್ದು 1749ರಲ್ಲಿ. ವರ್ಜೀನಿಯಾದ ತಂಬಾಕು ಮೊದಲು ಇಲ್ಲಿಂದ ಹಡಗು ಹತ್ತಿತು. ಮುಂದೆ ಮನುಷ್ಯರನ್ನೂ ಹತ್ತಿಸಲಾಯಿತು. ಡ್ಯೂಕ್ ಸ್ಟ್ರೀಟಿನ ಒಂದು ಮಂಡಿಯಿಂದ 1828ರಿಂದೀಚೆಗೆ ಸಾವಿರಾರು ಗುಲಾಮರು ದಕ್ಷಿಣದ ಹತ್ತಿ ಹೊಲಗಳತ್ತ ಸಾಗಿಹೋದರು. ನದಿಯಾಚೆ ವಾಷಿಂಗ್ಟನ್ ಬೆಳೆಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಈಚೆ ದಡದಲ್ಲಿ ಪೆಂಟಗನ್ ಎದ್ದಿತು. ಹಳೆಯ ಬಂದರು ಸರ್ಕಾರಿ ನೌಕರರ, ಸೈನ್ಯಾಧಿಕಾರಿಗಳ ಉಪನಗರವಾಗಿ ಮಾರ್ಪಟ್ಟು, 1952ರಲ್ಲಿ ನೆರೆಯ ಫೇರ್‌ಫ್ಯಾಕ್ಸ್ ಕೌಂಟಿಯ ನೆಲವನ್ನೂ ತನ್ನೊಳಗೆ ಸೇರಿಸಿಕೊಂಡಿತು. ನದಿ ದಡದಲ್ಲಿ ಶುರುವಾಗಿ ಪಶ್ಚಿಮದ ದಿಬ್ಬಗಳತ್ತ ಏರುವ ಬೀದಿಗೆ ಕಿಂಗ್ ಸ್ಟ್ರೀಟ್ ಎಂದು ಹೆಸರು. ಈ ಕಥನದ ಶಾಲೆ ಆ ಬೀದಿಯ ಮೇಲುಭಾಗದಲ್ಲಿದೆ.

ಶಾಲೆಗಿಂತ ಮುಂಚೆ ಅಲ್ಲಿ ಮನೆಗಳಿದ್ದವು. ಅಂತರ್ಯುದ್ಧದ ಕಾಲಕ್ಕೆ ಉತ್ತರದ ಸೈನ್ಯ ಹತ್ತಿರದಲ್ಲೇ ಫೋರ್ಟ್ ವಾರ್ಡ್ ಎಂಬ ಕೋಟೆ ಕಟ್ಟಿತ್ತು. ಯುದ್ಧ ಮುಗಿದ ಮೇಲೆ ಕಪ್ಪು ಜನರ ಕುಟುಂಬಗಳು ಕೋಟೆಯ ಸುತ್ತಮುತ್ತ ನೆಲೆ ಕಂಡುಕೊಂಡವು. ಪಕ್ಕದ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾಲಯದಲ್ಲಿ ಅಡುಗೆ, ತೋಟಗಾರಿಕೆ, ಬಟ್ಟೆ ಒಗೆತ ಅವರ ಕಸುಬು. ಅವರದೇ ಚರ್ಚು, ಅವರದೇ ಸ್ಮಶಾನ. ಆ ಊರುಕೇರಿಗೆ ‘ಸೆಮಿನರಿ’ ಎಂಬ ಹೆಸರೇ ನಿಂತಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಹೊಸ ಹೈಸ್ಕೂಲಿಗೆ ಜಾಗ ಬೇಕೆಂದು ನಗರಾಡಳಿತ ಅವರ ನೆಲವನ್ನು ಪಡೆದು, ಮನೆಗಳನ್ನು ಕೆಡವಿ, ಕೆಲವರಿಗೆ ಅಲ್ಲೇ ಬದಿಯಲ್ಲಿ ಹೊಸ ಮನೆ ಕೊಟ್ಟಿತು. ಆ ಮನೆಗಳವರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಮತ್ತೆ ಬರುತ್ತಾರೆ.

ಆ ಕಾಲದ ವರ್ಜೀನಿಯಾದಲ್ಲಿ ಶಾಲೆ ಎಂದರೆ ಎರಡು ಶಾಲೆ. ಅಲೆಕ್ಸಾಂಡ್ರಿಯಾದ ಕಪ್ಪು ಮಕ್ಕಳಿಗಾಗಿ 1920ರಲ್ಲಿ ತೆರೆದ ಶಾಲೆಗೆ ಪಾರ್ಕರ್-ಗ್ರೇ ಎಂದು ಹೆಸರಿಟ್ಟರು. ಜಾನ್ ಪಾರ್ಕರ್, ಸಾರಾ ಗ್ರೇ ಇಬ್ಬರೂ ಅದಕ್ಕೂ ಹಿಂದಿನ ಕಪ್ಪು ಮಕ್ಕಳ ಶಾಲೆಗಳನ್ನು ನಡೆಸಿದ್ದ ಮುಖ್ಯೋಪಾಧ್ಯಾಯರು. ಬಹುಕಾಲ ಅಲ್ಲಿ ಹೈಸ್ಕೂಲು ತರಗತಿಗಳೇ ಇರಲಿಲ್ಲ. ಮುಂದೆ ಓದುವ ಛಲವಿದ್ದ ಮಕ್ಕಳು ದಿನಾ ನದಿ ದಾಟಿ ವಾಷಿಂಗ್ಟನ್ನಿನ ಶಾಲೆಗಳಿಗೆ ಹೋಗಬೇಕಿತ್ತು. 1930ರ ದಶಕದಲ್ಲಿ ತಂದೆತಾಯಿಯರು ಪಟ್ಟು ಹಿಡಿದು ಆ ತರಗತಿಗಳನ್ನು ತರಿಸಿಕೊಂಡರು. 1950ರಲ್ಲಿ ಮ್ಯಾಡಿಸನ್ ಸ್ಟ್ರೀಟಿನಲ್ಲಿ ಹೊಸ ಕಟ್ಟಡವೂ ಎದ್ದಿತು.

ಪಾರ್ಕರ್-ಗ್ರೇಯಲ್ಲಿ 1946ರವರೆಗೆ ಓದಿದ ಎತ್ತರದ ಹುಡುಗನೊಬ್ಬನ ಹೆಸರು ಅರ್ಲ್ ಲಾಯ್ಡ್. 1950ರ ಅಕ್ಟೋಬರ್ 31ರಂದು ಆತ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಪರ ಅಂಕಣಕ್ಕಿಳಿದಾಗ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ಆ ದಿನ ಆತನ ಹುಟ್ಟೂರಿನ ಬಿಳಿಯರ ಹೈಸ್ಕೂಲು ಆತನಂಥವರನ್ನು ಒಳಗೆ ಬಿಡುತ್ತಿರಲಿಲ್ಲ.

ಬಾಗಿಲು ಕಾಯುತ್ತಿದ್ದವರು ಥಾಮಸ್ ಚೇಂಬ್ಲಿಸ್ ವಿಲಿಯಮ್ಸ್. 1930ರ ದಶಕದ ಮಧ್ಯಭಾಗದಿಂದ 1963ರವರೆಗೆ ಅಲೆಕ್ಸಾಂಡ್ರಿಯಾದ ಶಾಲೆಗಳೆಲ್ಲಕ್ಕೂ ಅವರೇ ಸೂಪರಿಂಟೆಂಡೆಂಟ್. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬಣ್ಣದ ಮೇಲೆ ಶಾಲೆ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಸೆನೆಟರ್ ಹ್ಯಾರಿ ಬರ್ಡ್ ಅವರ ಹಿಡಿತದಲ್ಲಿದ್ದ ವರ್ಜೀನಿಯಾ, ತೀರ್ಪಿಗೆ ತಲೆಬಾಗುವ ಬದಲು ಶಾಲೆಗಳಿಗೇ ಬೀಗ ಹಾಕುವ ಕಾನೂನು ಮಾಡಿತು. 1958ರ ಶರತ್ಕಾಲದಲ್ಲಿ ನಾರ್ಫೋಕ್, ಷಾರ್ಲಟ್ಸ್‌ವಿಲ್ ಮೊದಲಾದ ಊರುಗಳ ಬಿಳಿಯರ ಶಾಲೆಗಳು ಮುಚ್ಚಿದವು. ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಂತೂ 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಯೇ ಇರಲಿಲ್ಲ.

ವಿಲಿಯಮ್ಸ್ ಅವರದು ಗದ್ದಲದ ವಿರೋಧವಲ್ಲ, ಕಡತದ ವಿರೋಧ. ಬಿಳಿಯರ ಶಾಲೆಗೆ ಅರ್ಜಿ ಹಾಕಿದ ಕಪ್ಪು ಮಕ್ಕಳನ್ನು ಅಳೆಯಲು ಮಾನದಂಡಗಳ ಪಟ್ಟಿಯೊಂದು ತಯಾರಾಯಿತು. ಆ ಜರಡಿಯಲ್ಲಿ ಯಾರೂ ಉಳಿಯಲಿಲ್ಲ. ದಾವೆ ಹೂಡಿದವರಲ್ಲಿ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ತಾಯಿಯೊಬ್ಬರಿದ್ದರು. ಅವರನ್ನು ವಿಲಿಯಮ್ಸ್ ಕೆಲಸದಿಂದ ತೆಗೆದರು. ಆದರೂ ನ್ಯಾಯಾಲಯ ಬಗ್ಗಲಿಲ್ಲ. 1959ರ ಫೆಬ್ರವರಿ 10ರಂದು ಒಂಬತ್ತು ಕಪ್ಪು ಮಕ್ಕಳು ಅಲೆಕ್ಸಾಂಡ್ರಿಯಾದ ಬಿಳಿಯರ ಶಾಲೆಗಳೊಳಗೆ ನಡೆದುಹೋದರು.

ವಿಲಿಯಮ್ಸ್ ನಿವೃತ್ತರಾದರು. ಅವರ ದೀರ್ಘ ಸೇವೆಯ ಗೌರವಾರ್ಥ ಕಿಂಗ್ ಸ್ಟ್ರೀಟಿನ ದಿಬ್ಬದ ಮೇಲೆ 1965ರಲ್ಲಿ ತೆರೆದ ಹೊಸ ಶಾಲೆಗೆ ಟಿ.ಸಿ. ವಿಲಿಯಮ್ಸ್ ಹೈಸ್ಕೂಲ್ ಎಂದೇ ಹೆಸರಿಟ್ಟರು. ಅದೇ ವರ್ಷ ಪಾರ್ಕರ್-ಗ್ರೇ ಹೈಸ್ಕೂಲು ಮುಚ್ಚಿತು. ಕಪ್ಪು ಮಕ್ಕಳು ಹೊಸ ಶಾಲೆಗೂ ಊರಿನ ಉಳಿದ ಹೈಸ್ಕೂಲುಗಳಿಗೂ ಹಂಚಿಹೋದರು. ಸಮಾನತೆ ಬಂದಾಗ ಬೀಗ ಬಿದ್ದದ್ದು ಕಪ್ಪು ಜನ ಕಟ್ಟಿ ಬೆಳೆಸಿದ ಶಾಲೆಗೆ. ದಕ್ಷಿಣದ ಎಷ್ಟೋ ಊರುಗಳಲ್ಲಿ ಹೀಗೇ ಆಯಿತು.

ಹೊಸ ಶಾಲೆಯ ಆಟಗಾರರಿಗೆ ಟೈಟನ್ಸ್ ಎಂಬ ಹೆಸರು. ಊರಿನಲ್ಲಿ ಆಗ ಇನ್ನೆರಡು ಹೈಸ್ಕೂಲುಗಳಿದ್ದವು. 1935ರ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲಿಗೆ ಹಳೆಯ ಗತ್ತು. ‘ದಿ ಡೋರ್ಸ್’ ತಂಡದ ಗಾಯಕ ಜಿಮ್ ಮಾರಿಸನ್ 1961ರಲ್ಲಿ ಅಲ್ಲಿಂದಲೇ ಪಾಸಾಗಿ ಹೊರಬಿದ್ದವನು. ಇನ್ನೊಂದು, ಕೊರಿಯಾ ಯುದ್ಧದಲ್ಲಿ ಮಡಿದ ಊರಿನ ಹುಡುಗ ಫ್ರಾನ್ಸಿಸ್ ಹ್ಯಾಮಂಡ್ ಹೆಸರಿನದು. ಕಾಗದದ ಮೇಲೆ ಮೂರೂ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿತ್ತು. ಕಣ್ಣಿಗೆ ಕಾಣುತ್ತಿದ್ದುದು ಬೇರೆ. ಜಾರ್ಜ್ ವಾಷಿಂಗ್ಟನ್ನಿನಲ್ಲಿ ಕಪ್ಪು ಮಕ್ಕಳು ತುಂಬಿದ್ದರೆ, ಹ್ಯಾಮಂಡ್ ಹೆಚ್ಚುಕಡಿಮೆ ಬಿಳಿಯದಾಗಿಯೇ ಉಳಿದಿತ್ತು. 1970ರ ಮೇ ತಿಂಗಳಲ್ಲಿ ಅಂಗಡಿಯೊಂದರಲ್ಲಿ ಕಪ್ಪು ತರುಣನೊಬ್ಬ ಗುಂಡಿಗೆ ಬಲಿಯಾದ ಮೇಲೆ ಊರು ಹಲವು ರಾತ್ರಿ ಹೊತ್ತಿ ಉರಿಯಿತು.

ಶಾಲಾ ಮಂಡಳಿ 1971ರಲ್ಲಿ ಕಂಡುಕೊಂಡ ಉಪಾಯ ನೋಡಲು ಸರಳ. ಹೈಸ್ಕೂಲಿನ ಕೊನೆಯ ಎರಡು ವರ್ಷದ ಮಕ್ಕಳೆಲ್ಲ, ಯಾವ ಬಣ್ಣವಿರಲಿ, ಯಾವ ಬೀದಿಯಿರಲಿ, ಟಿ.ಸಿ. ವಿಲಿಯಮ್ಸ್‌ಗೇ ಬರಬೇಕು. ಒಂಬತ್ತು, ಹತ್ತನೆಯ ತರಗತಿಯವರು ಉಳಿದೆರಡು ಶಾಲೆಗಳಿಗೆ. ಹೀಗೆ, ಹಿಂದಿನ ವರ್ಷ ಒಬ್ಬರ ಮೇಲೊಬ್ಬರು ಬಿದ್ದು ಕಾದಾಡಿದ್ದ ಮೂರು ಫುಟ್‌ಬಾಲ್ ತಂಡಗಳು ಒಂದೇ ಬೇಸಿಗೆಯಲ್ಲಿ ಒಂದಾಗಬೇಕಾಯಿತು.

ಅಮೆರಿಕದ ಫುಟ್‌ಬಾಲ್ ನಮಗೆ ಗೊತ್ತಿರುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಯ ನೆಲವನ್ನು ಗಜ ಗಜವಾಗಿ ಗೆಲ್ಲುವ ಆಟ. ಹೆಲ್ಮೆಟ್ಟು, ಭುಜಕವಚ ತೊಟ್ಟ ದಂಡಿನ ಆಟ. ಸಣ್ಣ ಊರುಗಳಲ್ಲಿ ಹೈಸ್ಕೂಲು ಫುಟ್‌ಬಾಲಿಗಿರುವ ಮರ್ಯಾದೆಯನ್ನು ನಮ್ಮ ಕಡೆಯ ಜಾತ್ರೆಯ ಕುಸ್ತಿಗಷ್ಟೇ ಹೋಲಿಸಬಹುದೇನೋ. ತಂಡದ ಯಜಮಾನಿಕೆ ಯಾರದು ಎಂಬುದು ಊರಿನ ಗೌರವದ ಪ್ರಶ್ನೆ. ಹ್ಯಾಮಂಡ್‌ನ ಕೋಚ್ ಬಿಲ್ ಯೋಸ್ಟ್ ಬಿಳಿಯರು, ಅನುಭವಿ, ಜನಪ್ರಿಯರು. ಹುದ್ದೆ ಅವರದೇ ಎಂದು ಎಲ್ಲರೂ ನಂಬಿದ್ದರು. ಮಂಡಳಿ ಆರಿಸಿದ್ದು ಉತ್ತರ ಕೆರೊಲಿನಾದ ಕಪ್ಪು ಕೋಚ್ ಹರ್ಮನ್ ಬೂನ್ ಅವರನ್ನು. ಬೂನ್ ಹಿಂದೆ ವಿಲಿಯಮ್‌ಸ್ಟನ್ ಎಂಬ ಊರಿನ ಕಪ್ಪು ಮಕ್ಕಳ ಶಾಲೆಯಲ್ಲಿ ಸೋಲೇ ಅಪರೂಪವೆಂಬಂತೆ ಗೆದ್ದವರು. ಅಲ್ಲಿ ಶಾಲೆಗಳು ಒಂದಾದಾಗ, ಕಪ್ಪು ಮುಖ್ಯ ಕೋಚ್‌ಗೆ ಊರಿನ್ನೂ ಸಿದ್ಧವಿಲ್ಲ ಎಂದು ಹೇಳಿಸಿಕೊಂಡು ಬಂದಿದ್ದರು. ಯೋಸ್ಟ್ ಮುನಿಸಿಕೊಂಡು ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಬೂನ್ ಅವರ ಕೈಕೆಳಗೆ ಸಹಾಯಕ ಕೋಚ್ ಆಗಿ ನಿಂತು ತಂಡದ ರಕ್ಷಣೆಯ ಹೊಣೆ ಹೊತ್ತರು. ಆ ವರ್ಷದ ಗೆಲುವುಗಳಲ್ಲಿ ನನ್ನ ಲೆಕ್ಕಕ್ಕೆ ಇದೇ ಮೊದಲನೆಯದು.

ಆಗಸ್ಟಿನಲ್ಲಿ ತಂಡ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಕಾಲೇಜಿಗೆ ತರಬೇತಿಗೆ ಹೋಯಿತು. ಕಪ್ಪು ಹುಡುಗನ ಜೊತೆ ಬಿಳಿ ಹುಡುಗ ಕೋಣೆ ಹಂಚಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಬಣ್ಣದ ಜಗಳ ಒಂದಾದರೆ ಜಾಗದ ಜಗಳ ಇನ್ನೊಂದು. ಪ್ರತಿ ಸ್ಥಾನಕ್ಕೂ ಮೂರು ಶಾಲೆಯ ಮೂವರು ನಿಪುಣರಿದ್ದರು. ಇಬ್ಬರು ಬೆಂಚಿನಲ್ಲಿ ಕೂರಲೇಬೇಕು. ಮೂರು ಕೆರೆಯ ನೀರು ಒಂದೇ ಕಾಲುವೆಗೆ ಹರಿದರೆ ರಭಸ ಬಾರದಿರುತ್ತದೆಯೇ ಎಂದು ಎದುರಾಳಿ ಊರುಗಳವರು ಗೊಣಗಿದ್ದರೆ ಅದರಲ್ಲಿ ಸುಳ್ಳಿಲ್ಲ. ಮೂರು ಶಾಲೆಯ ಬಲ ಒಂದೆಡೆ ಕೂಡಿದ್ದು ಗೆಲುವಿಗೆ ದೊಡ್ಡ ಕಾರಣವೇ. ಆದರೆ ಕೂಡಿದ್ದು ಒಡೆಯದೆ ಉಳಿದದ್ದು ಆ ಇಬ್ಬರು ಕೋಚ್‌ಗಳಿಂದ, ಮತ್ತು ರಕ್ಷಣಾಪಡೆಯ ಬಿಳಿಯ ನಾಯಕ ಗೆರಿ ಬರ್ಟಿಯರ್, ಕಪ್ಪು ಆಟಗಾರ ಜೂಲಿಯಸ್ ಕ್ಯಾಂಪ್‌ಬೆಲ್ ಅವರಂಥ ಹುಡುಗರಿಂದ.

ಆ ಋತುವಿನಲ್ಲಿ 13 ಪಂದ್ಯ, 13 ಗೆಲುವು. ಅವುಗಳಲ್ಲಿ ಒಂಬತ್ತರಲ್ಲಿ ಎದುರಾಳಿಗೆ ಒಂದು ಅಂಕವೂ ದಕ್ಕಲಿಲ್ಲ. ಜಾರ್ಜ್ ಮಾರ್ಷಲ್ ಹೈಸ್ಕೂಲಿನವರು ಮಾತ್ರ ಒಮ್ಮೆ ಬೆವರಿಳಿಸಿದರು. ಡಿಸೆಂಬರ್ 4ರಂದು ರೋನೋಕ್‌ನ ವಿಕ್ಟರಿ ಸ್ಟೇಡಿಯಮ್ಮಿನಲ್ಲಿ ರಾಜ್ಯದ ಅಂತಿಮ ಪಂದ್ಯ. ಎದುರಾಳಿ ಸೇಲಂ ಊರಿನ ಆಂಡ್ರೂ ಲೂಯಿಸ್ ಹೈಸ್ಕೂಲು. ಟೈಟನ್ಸ್ 27-0 ಅಂತರದಿಂದ ಗೆದ್ದರು. ಇಡೀ ಪಂದ್ಯದ ಲೆಕ್ಕ ತೆಗೆದರೆ ಆಂಡ್ರೂ ಲೂಯಿಸ್‌ನ ಹುಡುಗರು ಮುಂದೆ ಸಾಗಿದ್ದಕ್ಕಿಂತ ಹಿಂದೆ ತಳ್ಳಿಸಿಕೊಂಡದ್ದೇ ಐದು ಗಜ ಹೆಚ್ಚು.

ಒಂದು ವಾರ ಕಳೆಯಿತು. ಡಿಸೆಂಬರ್ 11ರ ರಾತ್ರಿ ತಂಡದ ಸನ್ಮಾನದ ಔತಣ ಮುಗಿಸಿ ಹೊರಟ ಬರ್ಟಿಯರ್ ತಾಯಿಯ ಕಾರು ಓಡಿಸುವಾಗ ಅಪಘಾತವಾಗಿ, ಆತ ಮತ್ತೆ ನಡೆಯದಂತಾದ. ಗಾಲಿಕುರ್ಚಿಯಲ್ಲಿ ಕೂತೇ ಗುಂಡೆಸೆತ, ಡಿಸ್ಕಸ್ ಎಸೆತಗಳಲ್ಲಿ ಚಿನ್ನದ ಪದಕ ಗೆದ್ದ. ಅಂಗವಿಕಲರ ಹಕ್ಕುಗಳಿಗಾಗಿ ದುಡಿದ. 1981ರ ಮಾರ್ಚ್ 20ರಂದು, 27ನೆಯ ವಯಸ್ಸಿನಲ್ಲಿ, ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ಬಂದು ಗುದ್ದಿದ್ದರಿಂದ ತೀರಿಕೊಂಡ. ಶಾಲೆಯ ಜಿಮ್ನೇಷಿಯಂಗೆ ಆತನ ಹೆಸರಿದೆ.

ಡಿಸ್ನಿ ಸಂಸ್ಥೆ 2000ದಲ್ಲಿ ಡೆಂಜೆಲ್ ವಾಷಿಂಗ್ಟನ್ ಅವರನ್ನು ಬೂನ್ ಪಾತ್ರದಲ್ಲಿ ನಿಲ್ಲಿಸಿ ‘ರಿಮೆಂಬರ್ ದ ಟೈಟನ್ಸ್’ ಚಿತ್ರ ತೆಗೆಯಿತು. ಲೋಕಕ್ಕೆ ಈ ಶಾಲೆ ಗೊತ್ತಾದದ್ದು ಅದರಿಂದ. ಚಿತ್ರ ಚೆನ್ನಾಗಿಯೇ ಇದೆ, ಇತಿಹಾಸಕ್ಕೆ ಮಾತ್ರ ಅದನ್ನು ನೆಚ್ಚಬಾರದು. ಅಪಘಾತವನ್ನು ಅಂತಿಮ ಪಂದ್ಯಕ್ಕಿಂತ ಮೊದಲೇ ಇಟ್ಟರು. ಸುಲಭದ ಫೈನಲನ್ನು ಕೊನೆಯ ಕ್ಷಣದ ಹಣಾಹಣಿ ಮಾಡಿ, ಎದುರಾಳಿಯ ಜಾಗದಲ್ಲಿ ಮಾರ್ಷಲ್ ಶಾಲೆಯನ್ನು ತಂದರು. ಕಪ್ಪು ಮಕ್ಕಳು ಆ ಶಾಲೆಗೆ ಮೊದಲು ಕಾಲಿಟ್ಟದ್ದೇ 1971ರಲ್ಲಿ ಎಂಬ ಭಾವನೆ ಬರುವಂತೆ ಕಥೆ ಹೆಣೆದರು. ಆರು ವರ್ಷ ಹಿಂದೆ ಮುಚ್ಚಿದ ಪಾರ್ಕರ್-ಗ್ರೇಗೆ ಅಲ್ಲಿ ಜಾಗ ಸಿಗಲಿಲ್ಲ. ಬೂನ್ ಅವರನ್ನು 1979ರಲ್ಲಿ ಕೋಚ್ ಸ್ಥಾನದಿಂದ ಇಳಿಸಿದ ಪ್ರಸಂಗವೂ, ಸಹಜವಾಗಿ, ಆ ಕಥೆಯ ಆಚೆಗೇ ಉಳಿಯಿತು. ಬೂನ್, ಯೋಸ್ಟ್, ಕ್ಯಾಂಪ್‌ಬೆಲ್ ಮೂವರೂ ಕಣ್ಮುಚ್ಚಿದ್ದು ಒಂದೇ ವರ್ಷ, 2019ರಲ್ಲಿ.

ಫುಟ್‌ಬಾಲಿನ ರಾಜ್ಯಪಟ್ಟ 1984ರಲ್ಲೂ 1987ರಲ್ಲೂ ದಿಬ್ಬಕ್ಕೆ ಮರಳಿತು. ಪೊಟೊಮ್ಯಾಕ್ ದಡದಲ್ಲಿ ಶಾಲೆಯ ದೋಣಿಮನೆಯಿದೆ. ಸಾರ್ವಜನಿಕ ಶಾಲೆಯ ಮಕ್ಕಳಿಗೆ ಹುಟ್ಟು ಹಾಕುವ ಇಂಥ ಅನುಕೂಲ ಅಮೆರಿಕದಲ್ಲೂ ಅಪರೂಪ. ಇದೇ ಶಾಲೆಯಿಂದ 2016ರಲ್ಲಿ ಹೊರಬಂದ ನೋಆ ಲೈಲ್ಸ್, ಅದೇ ಬೇಸಿಗೆ 200 ಮೀಟರನ್ನು 20.09 ಸೆಕೆಂಡಿನಲ್ಲಿ ಓಡಿ ದೇಶದ ಹೈಸ್ಕೂಲು ದಾಖಲೆ ಮುರಿದ. ಎಂಟು ವರ್ಷದ ಬಳಿಕ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಅವನು ಜಮೈಕಾದ ಕಿಷೇನ್ ಥಾಂಪ್ಸನ್‌ನನ್ನು ಸೆಕೆಂಡಿನ ಸಾವಿರದ ಐದು ಭಾಗದಿಂದ ಹಿಂದಿಕ್ಕಿದ.

ಹಳೆಯ ಕಟ್ಟಡ ಕೆಡವಿ 2007ರಲ್ಲಿ ಹೊಸದನ್ನು ತೆರೆದಾಗ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಅರ್ಲ್ ಲಾಯ್ಡ್ ಹೆಸರಿಟ್ಟರು. ಫಲಕದ ಮೇಲಿನ ವಿಲಿಯಮ್ಸ್ ಹೆಸರು ಮಾತ್ರ ಹಾಗೇ ಇತ್ತು. 1971ರಲ್ಲಿ ಕಪ್ಪು, ಬಿಳಿ ಹುಡುಗರು ಒಂದೇ ದನಿಯಲ್ಲಿ ಕೂಗಿದ ಜಯಘೋಷವೂ, ಅವರನ್ನು ಕೂಡಲು ಬಿಡದಿದ್ದ ಆ ಅಧಿಕಾರಿಯ ಹೆಸರಿನದೇ. ಹೆಸರು ತೆಗೆಯಿರೆಂಬ ಬೇಡಿಕೆ ಹಲವು ಸಲ ಎದ್ದು ಮಲಗಿತು. ಕಡೆಗೆ 2020ರ ನವೆಂಬರಿನಲ್ಲಿ ಶಾಲಾ ಮಂಡಳಿ ಒಮ್ಮತದಿಂದ ನಿರ್ಧರಿಸಿ, 2021ರ ಜುಲೈ 1ರಿಂದ ಅದು ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್ ಆಯಿತು. ಟೈಟನ್ಸ್ ಎಂಬ ಹೆಸರನ್ನು ಯಾರೂ ಮುಟ್ಟಲಿಲ್ಲ.

ಶಾಲೆಯ ಹಿಂದಿನ ಕ್ರೀಡಾಂಗಣದ ಹೆಸರು ಪಾರ್ಕರ್-ಗ್ರೇ ಸ್ಮಾರಕ ಕ್ರೀಡಾಂಗಣ. ಅಮೆರಿಕದಲ್ಲಿ ಹೈಸ್ಕೂಲು ಫುಟ್‌ಬಾಲೆಂದರೆ ಶುಕ್ರವಾರ ರಾತ್ರಿ, ದೀಪದ ಬೆಳಕು. ಇಲ್ಲಿ ಮಾತ್ರ ಅರ್ಧ ಶತಮಾನ ಕಾಲ ದೀಪಸ್ತಂಭಗಳಿರಲಿಲ್ಲ. ನಗರಾಡಳಿತ ಕೊನೆಗೂ ಅವನ್ನು ನೆಡಲು ಹೊರಟಾಗ ನೆರೆಯವರು ಕೋರ್ಟಿಗೆ ಹೋದರು. ಅವರ ನಡುವೆ, ಶಾಲೆಗಾಗಿ ಮನೆ ಕಳೆದುಕೊಂಡು ಬದಿಗೆ ಸರಿದ ಆ ‘ಸೆಮಿನರಿ’ ಕುಟುಂಬಗಳವರಿದ್ದರು. ಮೈದಾನಕ್ಕೆ ದೀಪ ಹಾಕುವುದಿಲ್ಲವೆಂದು 1960ರ ದಶಕದಲ್ಲಿ ಊರು ತಮಗೆ ಮಾತು ಕೊಟ್ಟಿತ್ತು ಎಂಬುದು ಅವರ ವಾದ. ದೀಪಗಳು ಬಂದವು.