ಹಲಸಂಗಿಯ ಹುಡುಗರು ಕೇಳಿದ ಮೇಳ

ಮದುವೆಯ ಮೆರವಣಿಗೆಯ ಮುಂದೆ ಕ್ಲಾರಿಯೊನೆಟ್ ಊದುತ್ತ ನಡೆಯುವ ಬ್ಯಾಂಡ್ ಕಂಪನಿಯವರು ವಿಜಾಪುರ ಸೀಮೆಗೆ ಹೊಸಬರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಜನ ಅದಕ್ಕೂ ಬಹಳ ಹಿಂದಿನಿಂದ ಗಾಡಿ ಕಟ್ಟಿಕೊಂಡು ಹೋಗಿ ಕೇಳುತ್ತಿದ್ದದ್ದು ಮೇಳಗಳನ್ನು. ಡೊಳ್ಳಿನ ಮೇಳ, ಭಜನಾ ಮೇಳ, ಮೊಹರಮ್ಮಿನ ರಿವಾಯತ ಪದ ಹೇಳುವವರ ಮೇಳ ಹೀಗೆ ಹಲವು ಬಗೆ. ಎಲ್ಲಕ್ಕಿಂತ ಹೆಚ್ಚು ಜಿದ್ದಿನದು ಗೀಗೀ ಮೇಳ.

ಮೇಳವೆಂದರೆ ಮೂರು ನಾಲ್ಕು ಮಂದಿ, ಅಷ್ಟೇ. ಮುಂದಾಳು ಕೈಯಲ್ಲಿ ದಪ್ಪು ಹಿಡಿದು ಪದ ಎತ್ತುತ್ತಾನೆ. ಒಬ್ಬ ತುಂತುಣಿ ಮೀಟುತ್ತಾನೆ, ಮತ್ತೊಬ್ಬ ತಾಳ ಹಾಕುತ್ತಾನೆ. ನುಡಿ ಮುಗಿಯುವಲ್ಲಿ ಹಿಮ್ಮೇಳದವರು ದನಿ ಎಳೆಯುತ್ತಾರೆ. ಈ ಎಳೆಯುವ ದನಿಯಿಂದಲೇ ಹಾಡಿಗೆ ಗೀಗೀ ಪದವೆಂಬ ಹೆಸರು ಬಂತು. ಪಲ್ಲ, ನುಡಿ, ಚ್ಯಾಲ, ಏರು, ಇಳುವು, ಕೂಡುಪಲ್ಲ ಎಂದು ಅದಕ್ಕೊಂದು ಕಟ್ಟೂ ಉಂಟು. ನಿಧಾನವಾಗಿ ಹೊರಟ ಪದ ಏರಿಗೆ ಬಂದಾಗ ಕೂತವರೂ ಎದ್ದು ನಿಲ್ಲಬೇಕು, ಹಾಗಿರುತ್ತದೆ ಅದರ ಓಟ.

ಆದರೆ ಒಂದೇ ಮೇಳ ಬಂದರೆ ಸಾಲದು. ಗುಡಿಯ ಮುಂದಿನ ಕಟ್ಟೆಯ ಮೇಲೆ ಎರಡು ಮೇಳ ಎದುರಾಗಬೇಕು. ಒಂದು ಹರದೇಶಿ, ಇನ್ನೊಂದು ನಾಗೇಶಿ. ಶಿವ ಹೆಚ್ಚು, ಗಂಡು ಹೆಚ್ಚು ಎನ್ನುವುದು ಹರದೇಶಿಯ ವಾದ. ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುವುದು ನಾಗೇಶಿಯದು. ಪುರಾಣದಿಂದ ಹೊರಟ ಸವಾಲು ನಡುರಾತ್ರಿಯ ಹೊತ್ತಿಗೆ ಅತ್ತೆ ಸೊಸೆಯರ ಒಲೆಯ ಮುಂದೆ ಬಂದು ನಿಂತಿರುತ್ತದೆ. ಜವಾಬು ಹಾಡಿನಲ್ಲೇ ಬರಬೇಕು, ಬೆಳಗಾಗುವುದರೊಳಗೆ ಬರಬೇಕು. ತಡವರಿಸಿದವರನ್ನು ಗೇಲಿ ಮಾಡಲು ಎದುರಿನ ಮೇಳಕ್ಕಿಂತ ಕೇಳುಗರೇ ಮುಂದು. ಹೊಲ ಉಳುವವನಿಗೂ ಪುರಾಣದ ಸೂಕ್ಷ್ಮಗಳು ಬಾಯಿಗೆ ಬಂದದ್ದು ಹೀಗೆ, ಶಾಲೆಯಲ್ಲಲ್ಲ.

ಈ ಎದುರುಬದುರು ಹಾಡಿಕೆಗೆ ಮಹಾರಾಷ್ಟ್ರದ ಕಲ್ಗಿ–ತುರಾ ಶಾಹಿರರ ಪಂಥಗಳೊಡನೆ ನೆಂಟಸ್ತಿಕೆಯಿದೆ. ಅಲ್ಲಿಯೂ ಕಲ್ಗಿಯವರದು ಶಕ್ತಿಯ ಪಕ್ಷ, ತುರಾದವರದು ಶಿವನ ಪಕ್ಷ. ಭೀಮಾ ನದಿ ದಾಟಿದರೆ ಸೊಲ್ಲಾಪುರ ಸೀಮೆ. ಹಾಡುಗಾರರಿಗೆ ಹೊಳೆಯೊಂದು ಗಡಿ ಎನಿಸಿದ್ದು ಕಡಿಮೆ. ಜಾತಿಮತವೂ ಅಷ್ಟೇ. ಲಾವಣಿಕಾರರ ಸಾಲಿನಲ್ಲಿ ಹಲಸಂಗಿಯ ಖಾಜಾಭಾಯಿಯ ಹೆಸರು ದೊಡ್ಡದು.

ಹಲಸಂಗಿ ಆಗ ಇಂಡಿ ತಾಲ್ಲೂಕಿನ ಹಳ್ಳಿ. ಈಗ ಚಡಚಣ ತಾಲ್ಲೂಕಿಗೆ ಸೇರಿದೆ. 1920ರ ದಶಕದಲ್ಲಿ ಅಲ್ಲೊಂದು ಗೆಳೆಯರ ಗುಂಪು ಕೂಡಿತು. ಮುಂದೆ ಮಧುರಚೆನ್ನ ಎಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ (1903–1953), ಶಾಲಾ ಮಾಸ್ತರರಾದ ಸಿಂಪಿ ಲಿಂಗಣ್ಣ (1905–1993), ಕಾಪ್ಸೆ ರೇವಪ್ಪ, ಪಿ. ಧೂಲಾಸಾಹೇಬ. ಕಾಲೇಜಿನ ಜಾನಪದ ವಿಭಾಗಗಳು ಇನ್ನೂ ಹುಟ್ಟಿರದ ಕಾಲ. ಹಾಡು ಬರೆದುಕೊಳ್ಳಿರೆಂದು ಇವರಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕೇಳಿ ಬೆಳೆದ ಹಾಡಿನ ಹುಚ್ಚು ಅವರಿಂದ ಈ ಕೆಲಸ ಮಾಡಿಸಿತು.

1931ರಲ್ಲಿ ‘ಗರತಿಯ ಹಾಡು’ ಅಚ್ಚಾದಾಗ ಚೆನ್ನಮಲ್ಲಪ್ಪನವರಿಗೆ 28, ಲಿಂಗಣ್ಣನವರಿಗೆ 26. ಅದು ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳ ಸಂಕಲನ. ಬಿ.ಎಂ.ಶ್ರೀ., ಮಾಸ್ತಿ, ಬೇಂದ್ರೆಯವರಂಥ ಹಿರಿಯರು ಅದನ್ನು ಮೆಚ್ಚಿಕೊಂಡರು. 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು.

ಮೂರರಲ್ಲಿ ಮೊದಲನೆಯದಕ್ಕೆ ಸಿಕ್ಕ ಮನ್ನಣೆ ‘ಜೀವನ ಸಂಗೀತ’ಕ್ಕೆ ಸಿಗಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗರತಿಯ ಹಾಡು ಮನೆಯೊಳಗಿನದು. ತವರಿನ ಹಂಬಲ, ತೊಟ್ಟಿಲು, ಅಣ್ಣತಮ್ಮಂದಿರ ಹರಕೆ. ಓದುಬರಹ ಬಲ್ಲವರಿಗೆ ಅದನ್ನು ಒಪ್ಪುವುದು ಸುಲಭವಾಯಿತು. ಲಾವಣಿಯಾದರೋ ಸಂತೆಯ, ಜಾತ್ರೆಯ ಸರಕು. ಅದರಲ್ಲಿ ಶೃಂಗಾರವಿತ್ತು, ಒರಟು ಮಾತಿತ್ತು. ನಾಗೇಶಿ ಪಕ್ಷ ಹಿಡಿದು ಹತ್ತೂರಿನ ಗಂಡಸರ ಮುಂದೆ ದಪ್ಪು ಬಾರಿಸಿದ ಹೆಂಗಸರಿಗೆ ಜನ ರಾತ್ರಿ ಚಪ್ಪಾಳೆ ಕೊಟ್ಟರು, ಹಗಲು ಮರ್ಯಾದೆ ಕೊಡಲಿಲ್ಲ. ಎರಡನ್ನೂ ಒಂದೇ ಗೌರವದಿಂದ ಅಚ್ಚಿಗೆ ಕೊಟ್ಟದ್ದು ಹಲಸಂಗಿಯವರ ದೊಡ್ಡತನ. ಅದರಲ್ಲೂ ಚೆನ್ನಮಲ್ಲಪ್ಪನವರು ಶ್ರೀ ಅರವಿಂದರ ಅನುಯಾಯಿಯಾಗಿ ಅಧ್ಯಾತ್ಮದ ಹಾದಿ ಹಿಡಿದವರು ಎಂಬುದನ್ನು ನೆನೆದರೆ ಇದು ಇನ್ನಷ್ಟು ಎದ್ದು ಕಾಣುತ್ತದೆ.

ಲಾವಣಿಯನ್ನು ಕಾಗದಕ್ಕೆ ಇಳಿಸಿದವರಲ್ಲಿ ಇವರೇ ಮೊದಲಿಗರಲ್ಲ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದ. ಬ್ರಿಟಿಷರ ವಿರುದ್ಧ ಕಟ್ಟಿದ ಪದಗಳು ಬ್ರಿಟಿಷನ ಕೈಯಿಂದಲೇ ಉಳಿದುಕೊಂಡದ್ದು ಚರಿತ್ರೆಯ ತಮಾಷೆ. ಫ್ಲೀಟನ ಕೆಲಸ ಪಂಡಿತನದು. ಶಾಸನ ಓದಿದ ಹಾಗೆಯೇ ಪದವನ್ನೂ ಓದಿದ. ಹಲಸಂಗಿಯವರದು ಹಾಗಲ್ಲ. ಅವರು ಬರೆದುಕೊಂಡದ್ದು ತಮ್ಮೂರ ದನಿಗಳನ್ನು.

ಅಂಥವರಿಗೂ ಪುಸ್ತಕದೊಳಗೆ ತರಲಾಗದೆ ಹೋದದ್ದು ಬಹಳ. ದಪ್ಪಿನ ಪೆಟ್ಟು ಅಚ್ಚಿನಲ್ಲಿಲ್ಲ, ಏರಿನ ಓಟವಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಜವಾಬಿನದು. ಪುಸ್ತಕದಲ್ಲಿ ಲಾವಣಿ ಒಬ್ಬನ ಕವಿತೆಯಾಗಿ ನಿಲ್ಲುತ್ತದೆ. ಕಟ್ಟೆಯ ಮೇಲೆ ಅದು ಅರ್ಧ ಮಾತು ಮಾತ್ರ, ಉಳಿದರ್ಧ ಎದುರಿನ ಮೇಳದ ನಾಲಿಗೆಯಲ್ಲಿರುತ್ತದೆ. ಆ ರಾತ್ರಿ ಆ ಊರಿನಲ್ಲಿ ಹೊಳೆದ ಉತ್ತರ ಅಲ್ಲಿಗೇ ಮುಗಿಯುತ್ತಿತ್ತು.

ಮುಂದೆ ಕ್ಯಾಸೆಟ್ ಬಂದಾಗ ಈ ಕೊರತೆ ಅರ್ಧ ತೀರಿತು. ದನಿ ಉಳಿಯಿತು, ಆದರೆ ಬೆಳತನಕದ ಜಗಳ ಎರಡು ಮಗ್ಗುಲಿಗೆ ಹೊಂದುವಷ್ಟು ಮೊಟಕಾಯಿತು. ಸಿನಿಮಾ ಹಾಡಿನ ಧಾಟಿಗಳೂ ಪದದೊಳಕ್ಕೆ ನುಗ್ಗಿದವು. ಹಳಬರು ಇದಕ್ಕೆ ಮೂಗು ಮುರಿದರು. ಕೇಳುಗರನ್ನು ಹಿಡಿದಿಡಲು ಎಲ್ಲಿಂದ ಧಾಟಿ ಸಿಕ್ಕರೂ ಎತ್ತಿಕೊಳ್ಳುವುದು ಮೇಳದ ಹಳೆಯ ಚಾಳಿಯೇ ಎಂಬುದನ್ನು ಅವರು ಮರೆತಂತಿತ್ತು.

ಈ ಸೀಮೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಇಂದಿಗೂ ನಡೆಯುತ್ತದೆ. ದಪ್ಪಿನ ಮುಂದೆ ಮೈಕು ಬಂದಿದೆ. ಜನರ ನಡುವಿನಿಂದ ಮೊಬೈಲುಗಳು ಮೇಲೇಳುತ್ತವೆ, ಸವಾಲೂ ಜವಾಬೂ ಎರಡೂ ಅದರೊಳಗೆ ದಾಖಲಾಗುತ್ತವೆ. ಹಿಡಿದು ನಿಂತವರಲ್ಲಿ ಹೆಚ್ಚಿನವರು 1931ರ ಚೆನ್ನಮಲ್ಲಪ್ಪ, ಲಿಂಗಣ್ಣರ ವಯಸ್ಸಿನವರು.