ಇಪ್ಪತ್ನಾಲ್ಕರ ಪ್ರಧಾನಿ

ಹಿಂದಿನ ಗ್ರಾಮ ಪಂಚಾಯಿತಿ ಚುನಾವಣೆಯ ಸಮಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮತ ಯಾಚಿಸಲು ಮನೆಗೆ ಬಂದಿದ್ದ. ವಯಸ್ಸು ಇಪ್ಪತ್ತಮೂರು. ಜಗುಲಿಯಲ್ಲಿ ಕುಳಿತಿದ್ದ ನಾವು ಮೂವರು ನಿವೃತ್ತರು ಮುಖ ಮುಖ ನೋಡಿಕೊಂಡೆವು. "ಮೊದಲು ಒಂದು ಉದ್ಯೋಗ ಹಿಡಿದು ಲೋಕ ನೋಡಪ್ಪ. ಊರಿನ ಉದ್ಧಾರ ಆಮೇಲಾಗಲಿ" ಎಂದೆ. ಹುಡುಗ "ಆಗಲಿ ಸಾರ್" ಎಂದು ಕೈಮುಗಿದು ಹೋದ. ಅವನು ಹೋದ ಮೇಲೆ ನಾವು ನಕ್ಕೆವು.

ಅಂದು ರಾತ್ರಿ ನನಗೆ ನನ್ನದೇ ಪಾಠವೊಂದು ನೆನಪಾಯಿತು. 1784ರ ಪಿಟ್ಸ್ ಇಂಡಿಯಾ ಕಾಯ್ದೆಯನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆದರೆ ಆ ಕಾಯ್ದೆಯಾದಾಗ ಪಿಟ್‌ನಿಗೆ ಕೇವಲ ಇಪ್ಪತ್ತೈದು ವರ್ಷವೆಂಬುದನ್ನು ಮಕ್ಕಳಿಗೆ ಹೇಳಿಯೇ ಇರಲಿಲ್ಲ.

ವಿಲಿಯಂ ಪಿಟ್ ಹುಟ್ಟಿದ್ದು 1759ರಲ್ಲಿ. ತಂದೆಯೂ ಪ್ರಧಾನಿಯಾಗಿದ್ದವರು. ಮಗ ಕೆಲಕಾಲ ವಕೀಲಿ ಮಾಡಿದ್ದುಂಟು. ಅದನ್ನು ಬಿಟ್ಟರೆ ರಾಜಕಾರಣವೇ ಅವನ ಜೀವನ. 1781ರಲ್ಲಿ ಸಿರಿವಂತನೊಬ್ಬನ ಹಿಡಿತದಲ್ಲಿದ್ದ ಕ್ಷೇತ್ರದಿಂದ ಸಂಸತ್ತನ್ನು ಪ್ರವೇಶಿಸಿದ. ಮರುವರ್ಷವೇ ಹಣಕಾಸು ಮಂತ್ರಿ. 1783ರ ಡಿಸೆಂಬರ್ 19ರಂದು, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಬ್ರಿಟನ್ನಿನ ಪ್ರಧಾನಿ!

ಲಂಡನ್ನಿನ ಜಗುಲಿಗಳಲ್ಲಿಯೂ ನಗೆಯೆದ್ದಿತು. ಕ್ರಿಸ್‌ಮಸ್ಸಿನ ಕಜ್ಜಾಯ ತಿಂದು ಮುಗಿಸುವಷ್ಟರಲ್ಲಿ ಈ ಸರ್ಕಾರವೂ ಮುಗಿಯುವುದೆಂದು ಹಾಸ್ಯ ಮಾಡಿದರು. ವಿನೋದವೆಂದರೆ, ಎದುರಾಳಿ ಫಾಕ್ಸ್ ಸ್ವತಃ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಂಸತ್ತಿಗೆ ಆರಿಸಿಬಂದವನು. ಫಾಕ್ಸನ ಜೊತೆಗಾರ ಲಾರ್ಡ್ ನಾರ್ತ್ ಹನ್ನೆರಡು ವರ್ಷ ಪ್ರಧಾನಿಯಾಗಿದ್ದ ಅನುಭವಸ್ಥ. ಅಮೆರಿಕದ ವಸಾಹತುಗಳು ಕೈಬಿಟ್ಟದ್ದು ಆ ಅನುಭವಸ್ಥನ ಕಾಲದಲ್ಲಿಯೇ.

ಕೆಳಮನೆಯಲ್ಲಿ ಬಹುಮತವಿಲ್ಲದ ಪಿಟ್ ಮತ್ತೆ ಮತ್ತೆ ಸೋತರೂ ರಾಜೀನಾಮೆ ಕೊಡಲಿಲ್ಲ. ಮಾರ್ಚ್ ವೇಳೆಗೆ ವಿರೋಧಿಗಳ ಮುನ್ನಡೆ ಒಂದೇ ಒಂದು ಮತಕ್ಕೆ ಇಳಿಯಿತು. ಬಳಿಕ ಚುನಾವಣೆ ನಡೆಸಿ ಭಾರೀ ಗೆಲುವು ಪಡೆದ. 1801ರವರೆಗೆ ಆ ಪೀಠದಲ್ಲಿದ್ದ.

ಜನ ಅವನನ್ನು ನಂಬಿದ್ದೇಕೆ? ದೊರೆಯ ಬೆಂಬಲವಿತ್ತು, ತಂದೆಯ ಹೆಸರಿತ್ತು, ನಿಜ. ಆದರೆ ಇನ್ನೊಂದು ಸಂಗತಿಯೂ ಉಂಟು. 1784ರ ಜನವರಿಯಲ್ಲಿ ವರ್ಷಕ್ಕೆ 3000 ಪೌಂಡ್ ವರಮಾನದ, ದುಡಿಮೆಯೇ ಇಲ್ಲದ ಹುದ್ದೆಯೊಂದು ತೆರವಾಯಿತು. ಅದನ್ನು ತಾನೇ ಇಟ್ಟುಕೊಳ್ಳುವುದು ಅಂದಿನ ವಾಡಿಕೆ; ಪಿಟ್‌ನೇನೂ ಶ್ರೀಮಂತನಲ್ಲ. ಆದರೂ ಅದನ್ನು ಮುಟ್ಟದೆ, ಸರ್ಕಾರದ ಪಿಂಚಣಿ ಪಡೆಯುತ್ತಿದ್ದ ಬೇರೊಬ್ಬರಿಗೆ ಕೊಟ್ಟು ಆ ಪಿಂಚಣಿಯ ಹಣವನ್ನು ಬೊಕ್ಕಸಕ್ಕೆ ಉಳಿಸಿದ. ಅದಕ್ಕೂ ಮೊದಲು, 1783ರ ಆರಂಭದಲ್ಲಿ, ದೊರೆಯೇ ಪ್ರಧಾನಿ ಪದವಿ ಕೊಡಲು ಮುಂದಾದಾಗ ಕಾಲ ಪಕ್ವವಾಗಿಲ್ಲವೆಂದು ಒಲ್ಲೆನೆಂದಿದ್ದ.

ಅವನನ್ನು ಹೊಗಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಭಾರತದಲ್ಲಿ ರಾಜ್ಯವಿಸ್ತರಣೆ ತಮ್ಮ ದೇಶದ ಗೌರವಕ್ಕೆ ತಕ್ಕುದಲ್ಲವೆಂದು ಅವನ ಕಾಯ್ದೆಯೇ ಸಾರಿತ್ತು. ಆದರೂ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡು, ಎಳೆಯ ಮಕ್ಕಳಿಬ್ಬರನ್ನು ಒತ್ತೆಯಿಡಬೇಕಾಯಿತು. 1799ರಲ್ಲಿ ಟಿಪ್ಪು ಮಡಿದಾಗಲೂ ಪ್ರಧಾನಿ ಪಿಟ್‌ನೇ. ಆ ಹೊತ್ತಿಗೆ ಅವನು ಸಾಕಷ್ಟು ಅನುಭವಸ್ಥನಾಗಿದ್ದ!

ನನ್ನ ವಿದ್ಯಾರ್ಥಿ ಆ ಚುನಾವಣೆಯಲ್ಲಿ ಸೋತ. ನನ್ನ ಮತವೂ ಅವನಿಗೆ ಬೀಳಲಿಲ್ಲ. ವಯಸ್ಸನ್ನು ನೋಡಿದೆನೇ ಹೊರತು ಮನುಷ್ಯನನ್ನು ವಿಚಾರಿಸಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವನಿಗೆ ಅಂದು ಒಂದು ಪ್ರಶ್ನೆಯೂ ತೋಚಲಿಲ್ಲ. ಮುಂದಿನ ಬಾರಿ ಅವನು ಬಂದರೆ, "ಕೈಗೆ ಸಿಕ್ಕಿದ್ದರಲ್ಲಿ ಯಾವುದನ್ನು ಬೇಡವೆಂದು ಬಿಟ್ಟೆಯಪ್ಪ?" ಎಂದು ಕೇಳಬೇಕೆಂದಿದ್ದೇನೆ. ತಲೆ ನರೆತ ಅಭ್ಯರ್ಥಿಗಳು ಬಂದರೂ ಇದೇ ಪ್ರಶ್ನೆ.