ಪ್ಯಾನ್‌ಸ್ಪರ್ಮಿಯಾ

‘ಎಲ್ಲ’ ಎಂಬರ್ಥದ ‘ಪಾನ್’, ‘ಬೀಜ’ ಎಂಬರ್ಥದ ‘ಸ್ಪೆರ್ಮಾ’ ಎಂಬ ಗ್ರೀಕ್ ಪದಗಳಿಂದಾದ ಈ ಶಬ್ದವು, ಜೀವದ ಬೀಜಗಳು ವಿಶ್ವದೆಲ್ಲೆಡೆ ಹರಡಿದ್ದು ಭೂಮಿಗೂ ಹೊರಗಿನಿಂದಲೇ ಬಂದವೆಂಬ ಊಹೆಯನ್ನು ಸೂಚಿಸುತ್ತದೆ. ಅನ್ಯಲೋಕದ ಬುದ್ಧಿಶಾಲಿಗಳೇ ಅವನ್ನು ಕಳುಹಿಸಿರಬಹುದೆಂದು ವಿಜ್ಞಾನಿಗಳಾದ ಫ್ರಾನ್ಸಿಸ್ ಕ್ರಿಕ್ ಮತ್ತು ಲೆಸ್ಲಿ ಆರ್ಗೆಲ್ 1973ರಲ್ಲಿ ತರ್ಕಿಸಿದಾಗ ‘ನಿರ್ದೇಶಿತ’ ಎಂಬ ವಿಶೇಷಣವೂ ಇದಕ್ಕೆ ಸೇರಿತು. ಈ ಊಹೆಗೆ ಸಂಬಂಧಿಸಿದ ಹುಡುಕಾಟ ಭಾರತದಲ್ಲೂ ನಡೆದಿದೆ: ಬಾಹ್ಯಾಕಾಶ ಸಂಸ್ಥೆ ಇಸ್ರೋ 2005ರಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನಿನಲ್ಲಿ, ದ್ರವ ನಿಯಾನ್‌ನಿಂದ ತಣಿಸಿದ ಉಕ್ಕಿನ ಕೊಳವೆಗಳು 20ರಿಂದ 41 ಕಿ.ಮೀ. ಎತ್ತರದ ಗಾಳಿಯನ್ನು ಸೆರೆಹಿಡಿದವು. ಅದರಲ್ಲಿ ದೊರೆತು 2009ರಲ್ಲಿ ಪ್ರಕಟವಾದ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳಲ್ಲಿ ಒಂದಕ್ಕೆ ‘ಬ್ಯಾಸಿಲಸ್ ಇಸ್ರೋನೆನ್ಸಿಸ್’ ಎಂದೂ, ಇನ್ನೊಂದಕ್ಕೆ ಪ್ಯಾನ್‌ಸ್ಪರ್ಮಿಯಾ ವಾದದ ಪ್ರಬಲ ಪ್ರತಿಪಾದಕ ಫ್ರೆಡ್ ಹಾಯ್ಲ್ ನೆನಪಿಗೆ ‘ಜ್ಯಾನಿಬ್ಯಾಕ್ಟರ್ ಹಾಯ್ಲಿ’ ಎಂದೂ ಹೆಸರಿಡಲಾಯಿತು. ಅವು ಅನ್ಯಲೋಕದವೆಂಬುದು ಸಿದ್ಧಪಟ್ಟಿಲ್ಲವೆಂದು ಇಸ್ರೋ ಅಂದೇ ತಿಳಿಸಿದ್ದು ಮೆಚ್ಚತಕ್ಕ ಸಂಯಮ.